ಲಾಗ, ಕರಣ, ಧಿಗಿಣ: ಗಡಿನಾಡಿನಲ್ಲಿ ಮಕ್ಕಳಿಗೆ ಉರುಳಲು ಕಲಿಸಿದ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಗಡಿನಾಡ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನ, ಪತ್ರಿಕೆ, ಶಾಲೆ, ಚಳವಳಿ ಇವುಗಳಿಂದ ಶುರು ಮಾಡ್ತೇವೆ. ನಾನು ಇವತ್ತು ಸ್ವಲ್ಪ ಬೇರೆ ಕಡೆಯಿಂದ ಬರ್ತೇನೆ. ಚಿಕ್ಕ ಮಕ್ಕಳಿಗೆ ನೆಗೆಯುವುದು, ಉರುಳುವುದು, ಪಲ್ಟಿ ಹೊಡೆಯುವುದು, ಕೈ ಮೇಲೆ ನಿಲ್ಲುವುದು ಇವನ್ನು ಪೆಟ್ಟಾಗದಂತೆ ಕಲಿಸಿದವರು ಯಾರು, ಎಲ್ಲಿ ಕಲಿಸಿದರು, ಯಾವ ಮಾತಿನಲ್ಲಿ ಕಲಿಸಿದರು? ಇದು ದೈಹಿಕ ಶಿಕ್ಷಣ ವಿಭಾಗದ ಪ್ರಶ್ನೆ, ಕನ್ನಡ ಎಂ.ಎ.ಗೆ ಇದರಲ್ಲಿ ಏನು ಕೆಲಸ ಅಂತ ಕೇಳಬಹುದು. ನನ್ನ ಉತ್ತರ ಇಷ್ಟೇ: ಮಗುವಿನ ಮೈಗೆ ಕೊಡುವ ಪಾಠವೂ ಭಾಷೆಯಲ್ಲೇ ನಡೆಯುತ್ತದೆ. ಆ ಭಾಷೆ ಕೈತಪ್ಪಿದರೆ ಮೊದಲು ಪೆಟ್ಟಾಗುವುದು ಮಗುವಿಗೆ.

1. ಒಂದು ಚಲನೆ, ಐದು ಭಾಷೆ

ಪದಗಳಿಂದ ಶುರು ಮಾಡೋಣ. ತಲೆ ಕೆಳಗೆ ಮಾಡಿ ಬೆನ್ನ ಮೇಲೆ ಉರುಳಿ ಮತ್ತೆ ಕಾಲ ಮೇಲೆ ಏಳುವ ಆಟಕ್ಕೆ ಕನ್ನಡದಲ್ಲಿ 'ಲಾಗ' ಅಂತ ಹೆಸರು. ಲಾಗ ಹಾಕು, ಲಾಗ ಹೊಡಿ ಎಂಬ ಎರಡೂ ಬಳಕೆ ಇದೆ. 'ಎಷ್ಟು ಲಾಗ ಹಾಕಿದರೂ ಕೆಲಸ ಆಗಲಿಲ್ಲ' ಅಂತ ಈಗಲೂ ಹೇಳ್ತೇವೆ. ಆಡುಮಾತಿನಲ್ಲಿ 'ಪಲ್ಟಿ' ಕೂಡ ಇದೆ. ಕಾಸರಗೋಡು, ವಯನಾಡು ಕಡೆ ಹೋದರೆ ಮಲಯಾಳದಲ್ಲಿ ಇದು 'ಕರಣಂ ಮರಿಯುಗ'. ತಾಳವಾಡಿ, ಹೊಸೂರು ಕಡೆ ತಮಿಳಿನಲ್ಲಿ 'ಕುಟ್ಟಿಕ್ಕರಣಂ'. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ತೆಲುಗಿನ 'ಪಿಲ್ಲಿಮೊಗ್ಗ', ಅಂದರೆ ಬೆಕ್ಕಿನ ಹೆಸರು ಹೊತ್ತ ಪಲ್ಟಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಲ್ಲಿ ಮರಾಠಿಯ 'ಕೋಲಾಂಟಿ ಉಡಿ'.

ಈ ಪಟ್ಟಿಯಲ್ಲಿ ಎರಡು ಸಂಗತಿ ಗಮನಿಸಿ. ಮಲಯಾಳ ಮತ್ತು ತಮಿಳು ಎರಡರಲ್ಲೂ 'ಕರಣ' ಎಂಬ ಮಾತಿದೆ. ಭರತನ ನಾಟ್ಯಶಾಸ್ತ್ರ 108 ಕರಣಗಳನ್ನು ಹೇಳುತ್ತದೆ, ಅವುಗಳಲ್ಲಿ ಕೆಲವು ಮೈಯನ್ನು ಹಿಂದಕ್ಕೆ ಬಾಗಿಸುವ, ಎತ್ತಿ ತಿರುಗಿಸುವ ಭಂಗಿಗಳು. ಅಂದರೆ ಬೀದಿಯ ಮಗು ಹೊಡೆಯುವ ಪಲ್ಟಿಯೂ ಶಾಸ್ತ್ರದ ನೃತ್ಯಪದವೂ ಒಂದೇ ಹೆಸರು ಹಂಚಿಕೊಂಡಿವೆ. ಇನ್ನೊಂದು, ಮರಾಠಿಯ ಕೋಲಾಂಟಿ ಎಂಬ ಮಾತು ಕೋಲ್ಹಾಟಿ ಎಂಬ ಆಟಗಾರ ಸಮುದಾಯದ ಹೆಸರಿನ ಪಕ್ಕದಲ್ಲೇ ನಿಂತಿದೆ. ನಮ್ಮಲ್ಲೂ 'ದೊಂಬರಾಟ' ಅನ್ನುವ ಮಾತು ದೊಂಬ ಸಮುದಾಯದಿಂದ ಬಂತು. ಇವತ್ತು ಪತ್ರಿಕೆಗಳಲ್ಲಿ 'ರಾಜಕೀಯ ದೊಂಬರಾಟ' ಅಂತ ಬೈಗುಳದ ಹಾಗೆ ಬಳಸ್ತಾರೆ. ಹಗ್ಗದ ಮೇಲೆ ನಡೆಯುವ ಮಗುವಿನ ವರ್ಷಗಳ ಶ್ರಮ ಹೀಗೆ ಒಂದು ಹೀಯಾಳಿಕೆಯಾಗಿ ಉಳಿಯಿತು. ಈ ಇಬ್ಬಗೆಯನ್ನು ಮುಂದೆಯೂ ನೋಡ್ತೇವೆ: ಶಾಸ್ತ್ರದಲ್ಲಿ ಸೇರಿದರೆ ಕರಣ, ಹೊಟ್ಟೆಪಾಡಿಗೆ ಮಾಡಿದರೆ ದೊಂಬರಾಟ.

2. ಪೂರ್ವರಂಗವೇ ಒಂದು ಪಠ್ಯಕ್ರಮ

ಈಗ ಕಾಸರಗೋಡಿಗೆ ಬರೋಣ. ತೆಂಕುತಿಟ್ಟು ಯಕ್ಷಗಾನದ ಚರಿತ್ರೆಯಲ್ಲಿ ಕುಂಬಳೆಯ ಪಾರ್ತಿಸುಬ್ಬನ ಹೆಸರು ದೊಡ್ಡದು. ಅವನ ಕಾಲ, ಕೃತಿ ಕುರಿತ ವಾಗ್ವಾದಗಳನ್ನು ನಮ್ಮ ವಿಭಾಗಗಳಲ್ಲಿ ಸಾಕಷ್ಟು ಓದಿದ್ದೇವೆ. ನಾನು ಆ ಚರ್ಚೆಗೆ ಹೋಗುವುದಿಲ್ಲ. ಪ್ರಸಂಗಕ್ಕಿಂತ ಮೊದಲು ಬರುವ ಪೂರ್ವರಂಗವನ್ನು ಮಾತ್ರ ಎತ್ತಿಕೊಳ್ತೇನೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಹೀಗೆ ಅದು ಸಾಗುತ್ತದೆ. ಸಾಹಿತ್ಯದವರು ಇದನ್ನು ಮಂಗಲಾಚರಣೆ ಅಂತಲೋ, ಕಾಲ ಕಳೆಯುವ ಭಾಗ ಅಂತಲೋ ಓದಿ ಮುಂದೆ ಹೋಗ್ತಾರೆ. ಆದರೆ ಕಲಿಯುವ ಹುಡುಗನ ಕಡೆಯಿಂದ ನೋಡಿದರೆ ಅದು ಮೆಟ್ಟಿಲು.

ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಕಟ್ಟುವುದು ಕೋಡಂಗಿ. ಅಲ್ಲಿ ತಪ್ಪು ಹೆಜ್ಜೆ ಹಾಕಿದರೂ ನಡೆಯುತ್ತದೆ. ಕೋಡಂಗಿ ಅಂದರೇ ಹಾಸ್ಯ, ತಪ್ಪಿದರೆ ಜನ ನಗ್ತಾರೆ, ಅದೂ ಆಟದ ಭಾಗವೇ. ಆಮೇಲೆ ಬಾಲಗೋಪಾಲ. ಅಲ್ಲಿ ಒಬ್ಬನಲ್ಲ, ಇಬ್ಬರು, ಜೋಡಿಯಾಗಿ ಹೆಜ್ಜೆ ಹಾಕಬೇಕು. ಪಕ್ಕದವನ ಕಾಲಿಗೆ ತಾಗದಂತೆ, ಅವನ ವೇಗಕ್ಕೆ ಸರಿಯಾಗಿ. ಅದಾದ ಮೇಲೆ ಸಣ್ಣಪುಟ್ಟ ವೇಷ. ತುಂಬ ಆಮೇಲೆ ಪುಂಡುವೇಷ, ಅಂದರೆ ಅಭಿಮನ್ಯು, ಬಭ್ರುವಾಹನ ಇಂಥ ಪಾತ್ರಗಳು. ಧಿಗಿಣ ತನ್ನ ಪೂರ್ತಿ ರಭಸದಲ್ಲಿ ಕಾಣುವುದು ಅಲ್ಲಿ. ಧಿಗಿಣ ಅಂದರೆ ಚೆಂಡೆಯ ಪೆಟ್ಟಿಗೆ ಸರಿಯಾಗಿ ರಂಗದಲ್ಲಿ ಸುತ್ತುತ್ತಾ, ಎರಡೂ ಕಾಲು ನೆಲ ಬಿಟ್ಟು, ಮೈ ತಿರುಗಿಸಿ ಹಾರುವ ಹಾರಾಟ. ಕ್ರಿಶ್ಚನ್ ಬಾಬು, 'ಸಿಡಿಲಮರಿ' ಎಂದೇ ಹೆಸರಾದ ಪುತ್ತೂರು ಶ್ರೀಧರ ಭಂಡಾರಿ ಇಂಥವರ ಧಿಗಿಣ ನೋಡಲು ಜನ ರಾತ್ರಿಯಿಡೀ ಕಾದು ಕೂರುತ್ತಿದ್ದರು.

ಆ ಹಾರಾಟಕ್ಕೆ ಹಿಂದೆ ಎಷ್ಟೋ ರಾತ್ರಿಗಳ ಕೋಡಂಗಿ ಮತ್ತು ಬಾಲಗೋಪಾಲ ಇವೆ ಅನ್ನುವುದು ನನ್ನ ವಾದ. ಪಾಠ ತಾಳದಿಂದ ಶುರುವಾಗುತ್ತದೆ, ನೆಗೆತದಿಂದಲ್ಲ. ಆದಿ, ಏಕ, ರೂಪಕ, ತ್ರಿವುಡೆ ಇವನ್ನು ಮೊದಲು ಕೈಯಲ್ಲಿ, ಆಮೇಲೆ ಕಾಲಿನಲ್ಲಿ ಹಿಡಿಯಬೇಕು. ಹೆಜ್ಜೆ ನೆಲಕ್ಕೆ ಹೇಗೆ ಬೀಳುತ್ತದೆ ಅಂತ ಗೊತ್ತಾಗದವನಿಗೆ ಹಾರಲು ಹೇಳುವುದಿಲ್ಲ. ಇಂದಿನ ಮಕ್ಕಳ ಜಿಮ್ನಾಸ್ಟಿಕ್ಸ್ ಪಾಠದಲ್ಲಿ ಹೇಳುವ ಮೊದಲ ಮಾತೂ ಇದೇ: ಹಾರುವ ಮೊದಲು ಇಳಿಯಲು ಕಲಿಸಿ. ಮೊಣಕಾಲು ಸ್ವಲ್ಪ ಬಾಗಿಸಿ, ಎರಡೂ ಪಾದ ಒಟ್ಟಿಗೆ, ಸದ್ದಾಗದಂತೆ ಇಳಿಯುವುದು. ಬೆಕ್ಕಿನ ಹಾಗೆ ಇಳಿ ಅಂದರೆ ಮಗುವಿಗೆ ಅರ್ಥ ಆಗ್ತದೆ. ತೆಲುಗಿನವರು ಪಲ್ಟಿಗೆ ಬೆಕ್ಕಿನ ಹೆಸರು ಸುಮ್ಮನೆ ಇಟ್ಟಿರಲಿಕ್ಕಿಲ್ಲ.

ಮೇಳದ ಕಲಿಕೆ ಶಾಲೆಯ ರೂಪ ಪಡೆದದ್ದು ತಡವಾಗಿ. ಧರ್ಮಸ್ಥಳದಲ್ಲಿ 1970ರ ದಶಕದಲ್ಲಿ ಶುರುವಾದ ಯಕ್ಷಗಾನ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿದವರಲ್ಲಿ ಪಡ್ರೆ ಚಂದು ಅವರೂ ಒಬ್ಬರು. ಅವರ ಹೆಸರಿನ ಮೊದಲಿರುವ ಪಡ್ರೆ ಕಾಸರಗೋಡಿನ ಹಳ್ಳಿ. ಗಡಿಯಾಚೆಯ ಒಂದು ಊರಿನ ಹೆಜ್ಜೆ ಗಡಿಯ ಈಚೆ ಪಠ್ಯವಾಯಿತು ಅನ್ನುವುದನ್ನು ನಾವು ಮರೆಯಬಾರದು.

ನೆಲದ ವಿಷಯ ಒಂದು ಮಾತು. ಬಯಲಾಟ ಅಂದರೆ ಹೆಸರೇ ಹೇಳುವಂತೆ ಬಯಲಿನ ಆಟ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಹಾಕುತ್ತಿದ್ದರು. ಮಣ್ಣು ಗಟ್ಟಿಯಾಗಿದ್ದರೂ ಕಾಲಿಗೆ ಸ್ವಲ್ಪ ಬಿಟ್ಟುಕೊಡುತ್ತದೆ. ಈಗ ಹಲವು ಕಡೆ ಸಭಾಭವನದ ಸಿಮೆಂಟು ಅಥವಾ ಟೈಲ್ಸ್ ಮೇಲೆ ಆಟ. ದೊಡ್ಡ ಕಲಾವಿದರ ಮೊಣಕಾಲಿಗೇ ಅದು ಕಷ್ಟ. ಎಂಟು ವರ್ಷದ ಮಗುವನ್ನು ಅದೇ ನೆಲದ ಮೇಲೆ, ಅದೂ ಬಹುಮಾನಕ್ಕಾಗಿ, ಇಷ್ಟು ಧಿಗಿಣ ಹಾಕು ಅಂತ ಎಣಿಸಿ ಹಾರಿಸಿದರೆ ಅದು ಪರಂಪರೆಯಲ್ಲ. ಪರಂಪರೆಯಲ್ಲಿ ಇದ್ದ ಮೆಟ್ಟಿಲನ್ನು ಕಿತ್ತು ಹಾಕಿ ಮೇಲಿನ ಮಹಡಿಗೆ ಮಗುವನ್ನು ಎಸೆದ ಹಾಗೆ.

ನವರಾತ್ರಿ, ಮೊಸರುಕುಡಿಕೆ ಸಮಯದ ಹುಲಿವೇಷದಲ್ಲೂ ಇದೇ ಕ್ರಮ ಕಾಣಬಹುದು. ತಂಡದಲ್ಲಿ ಮರಿಹುಲಿ ಇರ್ತದೆ. ಮರಿಹುಲಿಯ ಕೆಲಸ ನಾಲ್ಕು ಕಾಲಲ್ಲಿ ನಡೆಯುವುದು, ಹೊರಳುವುದು, ಕುಪ್ಪಳಿಸುವುದು. ಹಿಂದಕ್ಕೆ ಪಲ್ಟಿ ಹೊಡೆಯುವುದು, ಅಕ್ಕಿ ಮುಡಿ ಎತ್ತಿ ಎಸೆಯುವುದು ದೊಡ್ಡ ಹುಲಿಗಳ ಕೆಲಸ. ಮರಿಹುಲಿಯ ಆ ನಾಲ್ಕು ಕಾಲ ನಡಿಗೆಯನ್ನೇ ಇಂದಿನ ಪಾಠದಲ್ಲಿ ಕರಡಿ ನಡಿಗೆ, ಏಡಿ ನಡಿಗೆ ಅಂತ ಮಾಡಿಸ್ತಾರೆ. ಮಣಿಕಟ್ಟು, ಭುಜ, ಹೊಟ್ಟೆ ಇವುಗಳಿಗೆ ಮೈಭಾರ ಹೊರುವ ಅಭ್ಯಾಸ ಆಗುವುದು ಅದರಿಂದ. ಕೈ ಮೈಯನ್ನು ಹೊರಲಾರದ ಮಗು ಲಾಗ ಹಾಕಿದರೆ ಭಾರ ತಲೆ, ಕುತ್ತಿಗೆ ಮೇಲೆ ಬೀಳುತ್ತದೆ.

3. ಕಳರಿಯ ಗುಂಡಿಯಿಂದ ಸರ್ಕಸ್ ಡೇರೆಗೆ

ಕಾಸರಗೋಡಿನ ದಕ್ಷಿಣಕ್ಕೆ ಉತ್ತರ ಮಲಬಾರ್. ಅಲ್ಲಿ ಕಳರಿಪಯಟ್ಟು. ಮಗುವಿಗೆ ಏಳು ವರ್ಷ ಆದಾಗ ಕಳರಿಗೆ ಸೇರಿಸುವುದು ರೂಢಿ. ಕುಳಿಕ್ಕಳರಿ ಅಂದರೆ ನೆಲದಿಂದ ಕೆಳಗೆ ತೋಡಿದ ಗುಂಡಿ, ಸುಮಾರು 42 ಅಡಿ ಉದ್ದ, 21 ಅಡಿ ಅಗಲ. ಮಣ್ಣಿನ ನೆಲ. ಮಳೆಗಾಲದಲ್ಲಿ ಎಣ್ಣೆ ಹಚ್ಚಿ ಉಜ್ಜುವ ಉಳಿಚ್ಚಿಲ್. ಮೊದಲು ಕಾಲೆತ್ತುವ ಅಭ್ಯಾಸ, ಆಮೇಲೆ ಮೆಯ್ಪಯಟ್ಟು ಎಂಬ ಮೈಸಾಧನೆ. ಅದಾದ ಮೇಲೆ ಮಾತ್ರ ಕೋಲು, ಕತ್ತಿ. ಇಲ್ಲೂ ಮೆಟ್ಟಿಲೇ. ತುಳುನಾಡಿನ ಗರಡಿಯೂ ಇದೇ ಬಳಗದ್ದು. ಇವತ್ತು ಗರಡಿ ಅಂದ ಕೂಡಲೇ ಕೋಟಿ ಚೆನ್ನಯರ ಆರಾಧನೆಯ ಸ್ಥಳ ನೆನಪಾಗುತ್ತದೆ, ಆದರೆ 'ಗರಡಿಯಲ್ಲಿ ಪಳಗಿದವನು' ಎಂಬ ಕನ್ನಡದ ಮಾತು ಸಾಮು ಮಾಡುವ ಮನೆಯ ನೆನಪನ್ನು ಉಳಿಸಿಕೊಂಡಿದೆ.

ಈ ಕಳರಿಯ ಕಲಿಕೆ ಸರ್ಕಸ್ಸಿಗೆ ಹೋದ ಕಥೆ ತಲಶ್ಶೇರಿಯದು. ಮರಾಠಿ ಸೀಮೆಯ ವಿಷ್ಣುಪಂತ ಛತ್ರೆ 1880ರಲ್ಲಿ ಮುಂಬಯಿಯಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ ಶುರು ಮಾಡಿದರು. ಆ ದಶಕದ ಕೊನೆಯ ಹೊತ್ತಿಗೆ ಅವರ ಕಂಪನಿ ತಲಶ್ಶೇರಿಗೆ ಬಂತು. ಅಲ್ಲಿ ಕೀಲೇರಿ ಕುಂಞಿಕಣ್ಣನ್ ಎಂಬವರು ಬಾಸೆಲ್ ಮಿಶನ್ ಶಾಲೆಯಲ್ಲಿ ಮಕ್ಕಳಿಗೆ ಅಂಗಸಾಧನೆ ಹೇಳಿಕೊಡುತ್ತಿದ್ದರು, ಕಳರಿಯೂ ಬಲ್ಲವರು. ಛತ್ರೆಯವರ ಭೇಟಿಯ ನಂತರ ಅವರು ಸರ್ಕಸ್ ಕಸರತ್ತು ಕಲಿಸತೊಡಗಿದರು, 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದರು. ಭಾರತದ ಸರ್ಕಸ್ಸಿಗೆ ತಲಶ್ಶೇರಿ ತವರಾದದ್ದು ಹೀಗೆ.

ನಾವು ಕನ್ನಡದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದದ್ದು. ಗುಂಡರ್ಟ್ ಅವರ ಮಲಯಾಳ ನಿಘಂಟು 1872ರದು, ಕಿಟೆಲ್ ಅವರ ಕನ್ನಡ ನಿಘಂಟು 1894ರದು. ನಮಗೆ ಪದ ಕೊಟ್ಟ ಅದೇ ಮಿಶನ್ನಿನ ಶಾಲೆಯಂಗಳದಲ್ಲಿ ಮಕ್ಕಳು ಕಸರತ್ತು ಕಲಿಯುತ್ತಿದ್ದರು. ಮಕ್ಕಳ ವ್ಯಾಯಾಮವನ್ನು ಶಾಲೆಯ ವಿಷಯವಾಗಿ ಮಾಡುವ ಯೋಚನೆ ಜರ್ಮನಿಯಲ್ಲಿ ಗುಟ್ಸ್‌ಮುಟ್ಸ್ 1793ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಬಲ ಪಡೆದಿತ್ತು. ಆಮೇಲೆ 1920ರಲ್ಲಿ ಎಚ್. ಸಿ. ಬಕ್ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ದಕ್ಷಿಣ ಕನ್ನಡ, ಅದರೊಳಗಿನ ಕಾಸರಗೋಡು, ಬಳ್ಳಾರಿ ಜಿಲ್ಲೆಯೊಳಗಿದ್ದ ಆದವಾನಿ, ರಾಯದುರ್ಗ ಇವೆಲ್ಲ ಆಗ ಮದ್ರಾಸ್ ಪ್ರಾಂತದಲ್ಲೇ ಇದ್ದವು. ಶಾಲೆಯ 'ಡ್ರಿಲ್ ಮಾಸ್ತರು' ಎಂಬ ವ್ಯಕ್ತಿ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ. ಸಾಲಾಗಿ ನಿಲ್ಲು, ಕೈ ಎತ್ತು, ಇಳಿಸು. ಶಿಸ್ತು ಬಂತು. ಆಟ ಸ್ವಲ್ಪ ಹಿಂದೆ ಸರಿಯಿತು.

4. ಯಾರಿಗಾಗಿ ಈ ಪಲ್ಟಿ?

ಇಲ್ಲಿಯವರೆಗೆ ಹೇಳಿದ್ದು ಸ್ವಲ್ಪ ಚಂದದ ಕಥೆ. ಇನ್ನೊಂದು ಮುಖ ನೋಡದಿದ್ದರೆ ಚರಿತ್ರೆ ಅಪೂರ್ಣ ಆಗ್ತದೆ.

ಸರ್ಕಸ್ ಡೇರೆಯಲ್ಲಿ ಮಗುವಿನ ಮೈ ಬಂಡವಾಳ. ಚಿಕ್ಕ ಮೈ ಹಗುರ, ಎತ್ತಿ ಎಸೆಯಬಹುದು, ಬೇಕಾದ ಹಾಗೆ ಬಗ್ಗಿಸಬಹುದು, ನೋಡುವವರಿಗೂ ಮೈ ಜುಮ್ಮೆನ್ನುತ್ತದೆ. ಇಂಗ್ಲೆಂಡಿನಲ್ಲಿ 1879ರಷ್ಟು ಹಿಂದೆಯೇ 14 ವರ್ಷದೊಳಗಿನ ಮಕ್ಕಳ ಅಪಾಯಕಾರಿ ಪ್ರದರ್ಶನಗಳನ್ನು ತಡೆಯುವ ಕಾಯ್ದೆ ಬಂತು. ನಮ್ಮಲ್ಲಿ 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ತೀರ್ಪು ಕೊಟ್ಟು, ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವ ಅಧಿಸೂಚನೆ ಹೊರಡಿಸಲು ಕೇಂದ್ರ ಸರ್ಕಾರಕ್ಕೆ ಹೇಳಿತು. 2016ರ ಬಾಲಕಾರ್ಮಿಕ ಕಾಯ್ದೆಯ ತಿದ್ದುಪಡಿ ಮಕ್ಕಳು ಕಲಾವಿದರಾಗಿ ಮನರಂಜನೆ, ಕ್ರೀಡಾ ಚಟುವಟಿಕೆಗಳಲ್ಲಿ ಭಾಗವಹಿಸಲು ಷರತ್ತಿನ ಮೇಲೆ ಅವಕಾಶ ಕೊಟ್ಟಿತು, ಆದರೆ ಸರ್ಕಸ್ಸನ್ನು ಹೆಸರು ಹಿಡಿದು ಹೊರಗಿಟ್ಟಿತು.

ದೊಂಬರ ಮಕ್ಕಳ ವಿಷಯ ಇನ್ನೂ ಜಟಿಲ. ಆದವಾನಿ, ರಾಯದುರ್ಗ ಸೀಮೆಯಲ್ಲಿ ತೆಲುಗಿನಲ್ಲಿ ದೊಮ್ಮರ, ನಮ್ಮಲ್ಲಿ ದೊಂಬ. 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥ ಅವರನ್ನು ಗಣೆ ಏರುವ, ಪಲ್ಟಿ ಹೊಡೆಯುವ ಆಟಗಾರರು ಎಂದು ದಾಖಲಿಸುತ್ತದೆ. ಅದೇ ಕಾಲದಲ್ಲಿ ವಸಾಹತು ಸರ್ಕಾರ ಅಲೆಮಾರಿ ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕೆಳಗೆ ಕಾವಲಿಗೆ ಒಳಪಡಿಸುತ್ತಿತ್ತು. ಉತ್ತರ ಭಾರತದಲ್ಲಿ 1871ರಿಂದ ಇದ್ದ ಈ ಕಾಯ್ದೆ 1911ರ ನಂತರ ಮದ್ರಾಸ್ ಪ್ರಾಂತಕ್ಕೂ ಬಂತು. ಅಲೆಯದೆ ಆಟ ಇಲ್ಲ, ಅಲೆದರೆ ಪೊಲೀಸರ ಕಾಟ. ದೊಂಬರ ಮನೆಯಲ್ಲಿ ಕಲಿಸುವವರು ಅಪ್ಪ, ಅಮ್ಮ, ದೊಡ್ಡಪ್ಪ. ಹಗ್ಗದ ಕೆಳಗೆ ನಿಂತು ಡೋಲು ಬಡಿಯುವವರು ಮಗುವಿನ ಒಂದೊಂದು ಹೆಜ್ಜೆಯನ್ನೂ ಕಣ್ಣಲ್ಲಿ ಹಿಡಿದಿರುತ್ತಾರೆ. ಆ ಜ್ಞಾನ ನಿಜ, ಸೂಕ್ಷ್ಮ. ಆದರೆ ಅವತ್ತಿನ ಗಂಜಿ ಅವತ್ತಿನ ಆಟದಿಂದಲೇ ಬರಬೇಕಾದರೆ, 'ಇವತ್ತು ಮಗುವಿಗೆ ಜ್ವರ, ಬೇಡ' ಅನ್ನುವ ಸ್ವಾತಂತ್ರ್ಯ ಆ ತಂದೆಗೆ ಎಲ್ಲಿದೆ? ಹೀಗಾಗಿ ತಪ್ಪನ್ನು ಆ ಮನೆಯವರ ಮೇಲೆ ಹಾಕುವುದು ಸುಲಭ, ನ್ಯಾಯವಲ್ಲ.

ನಾನು ಇದರಿಂದ ತೆಗೆದುಕೊಳ್ಳುವ ತೀರ್ಮಾನ: ಮಗುವಿನ ಸುರಕ್ಷತೆ ಮೊದಲು ಹಾಸಿಗೆಯ ದಪ್ಪದಲ್ಲಿ ಇಲ್ಲ. 'ಸಾಕು' ಅಂತ ಹೇಳುವ ಹಕ್ಕು ಯಾರ ಹತ್ತಿರ ಇದೆ ಅನ್ನುವುದರಲ್ಲಿ ಇದೆ.

5. ತಾಲೀಮು ಎಂಬ ಮಾತು

ಉತ್ತರಕ್ಕೆ ಹೋಗೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ 'ತಾಲೀಮು' ಅಂದರೆ ಕುಸ್ತಿಯ ಮನೆ. ಅದೇ ಮಾತು ಉತ್ತರ ಕರ್ನಾಟಕದಲ್ಲಿ ನಾಟಕದ, ದೊಡ್ಡಾಟದ ಅಭ್ಯಾಸಕ್ಕೂ ಇದೆ. ಮೂಲ ಅರಬ್ಬಿಯಲ್ಲಿ ಅದರ ಅರ್ಥ ಶಿಕ್ಷಣ. ಮೈಗೆ, ಮಾತಿಗೆ, ಕುಣಿತಕ್ಕೆ ಒಂದೇ ಪದ ಸಾಕಾಯಿತು ನೋಡಿ.

ಈ ಸೀಮೆಗೆ ಹಳೆಯ ದಾಖಲೆಯೂ ಇದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 12ನೇ ಶತಮಾನದ ಸಂಸ್ಕೃತ ಗ್ರಂಥ. ಅದರ ಮಲ್ಲವಿನೋದ ಭಾಗ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುತ್ತದೆ. ಅವರು ಏನು ತಿನ್ನಬೇಕು, ಹೇಗೆ ಸಾಧನೆ ಮಾಡಬೇಕು ಎಂದು ಹೇಳುತ್ತದೆ. ಕಂಬದ ಮೇಲಿನ ಸ್ತಂಭಶ್ರಮವೂ ಅಲ್ಲಿ ಬರುತ್ತದೆ. ಎಲ್ಲರಿಗೂ ಒಂದೇ ಸಾಧನೆ ಅಲ್ಲ ಅನ್ನುವ ವಿವೇಕ ಇಷ್ಟು ಹಳೆಯದು. ಇಂದಿನ ಮಲ್ಲಕಂಬದ ಪರಂಪರೆ ತನ್ನನ್ನು ಎರಡನೇ ಬಾಜಿರಾಯ ಪೇಶ್ವೆಯ ಕಾಲದ ಬಾಳಂಭಟ್ಟ ದಾದಾ ದೇವಧರ ಅವರಿಗೆ ಜೋಡಿಸಿಕೊಳ್ಳುತ್ತದೆ. ಕಂಬಕ್ಕೆ ಹರಳೆಣ್ಣೆ ಹಚ್ಚುವುದು ಚರ್ಮ ಉಜ್ಜಿಹೋಗದಿರಲಿ ಅಂತ. ಕುಸ್ತಿಯ ಕಣದ ಕೆಮ್ಮಣ್ಣನ್ನು ಅಗೆದು, ಹದ ಮಾಡಿ, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸುವುದೂ ಬೀಳುವವನ ಬಗ್ಗೆ ಯೋಚಿಸಿದ್ದರಿಂದಲೇ. ಕಣ ಹದ ಮಾಡುವ ಕೆಲಸ ಹೊಸ ಹುಡುಗರದ್ದು. ಮೊದಲ ಪಾಠ ನೆಲ ಮೆತ್ತಗೆ ಮಾಡುವುದು, ಎರಡನೆಯದು ಅದರ ಮೇಲೆ ಬೀಳುವುದು.

6. ಇವತ್ತಿನ ಶಾಲೆಯಂಗಳದಲ್ಲಿ

ಇದನ್ನೆಲ್ಲ ಇಟ್ಟುಕೊಂಡು ಏನು ಮಾಡೋಣ? ರಾಷ್ಟ್ರೀಯ ಶಿಕ್ಷಣ ನೀತಿ 2020 ಮತ್ತು ಅದರ ಮೇಲೆ 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಕೆ ಅನ್ನುತ್ತವೆ. ಅಂಗನವಾಡಿ, ಕೆಳ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಮೇಲಿನ ಚರಿತ್ರೆಯಿಂದ ತೆಗೆದುಕೊಳ್ಳಬಹುದಾದ ಕ್ರಮ ಇದೆ.

ಮೊದಲು ಮಗುವಿನ ಮೈ ದೊಡ್ಡವರ ಮೈಯ ಸಣ್ಣ ನಕಲು ಅಲ್ಲ ಅಂತ ತಿಳಿಯಬೇಕು. ಹುಟ್ಟಿದಾಗ ತಲೆ ಒಟ್ಟು ಉದ್ದದ ಸುಮಾರು ನಾಲ್ಕನೇ ಒಂದು ಭಾಗ, ದೊಡ್ಡವರಲ್ಲಿ ಸುಮಾರು ಎಂಟನೇ ಒಂದು ಭಾಗ. ಅಂದರೆ ನಾಲ್ಕೈದು ವರ್ಷದ ಮಗುವಿಗೆ ತಲೆ ಭಾರ, ಕುತ್ತಿಗೆ ಎಳೆಯದು. ಆದ್ದರಿಂದ ಲಾಗದಿಂದ ಶುರು ಮಾಡಬಾರದು. ಮೊದಲು ಮರದ ದಿಮ್ಮಿಯ ಹಾಗೆ ಕೈ ಚಾಚಿ ಮಲಗಿ ಪಕ್ಕಕ್ಕೆ ಉರುಳುವುದು. ಆಮೇಲೆ ಮೊಣಕಾಲು ಅಪ್ಪಿ ಕೂತು ತೊಟ್ಟಿಲಿನ ಹಾಗೆ ಬೆನ್ನ ಮೇಲೆ ಹಿಂದೆ ಮುಂದೆ ತೂಗುವುದು. ಬೆನ್ನು ಗುಂಡಗಾಗಲು ಕಲಿಯುವುದು ಇಲ್ಲಿ. ಇದರ ಜೊತೆಗೆ ಕಪ್ಪೆ ನೆಗೆತ, ಏಡಿ ನಡಿಗೆ. ನಮ್ಮ ಕುಂಟಾಬಿಲ್ಲೆ ಒಂಟಿ ಕಾಲ ಸಮತೋಲ ಕಲಿಸುತ್ತದೆ, ಮರಕೋತಿ ಆಟ ಹಿಡಿದು ಜೋತಾಡಲು ಕಲಿಸುತ್ತದೆ. ಇವು ಪಾಠ ಅಂತ ಮಕ್ಕಳಿಗೆ ಅನಿಸುವುದೇ ಇಲ್ಲ.

ಲಾಗ ಬರುವುದು ಇಷ್ಟೆಲ್ಲ ಆದ ಮೇಲೆ. ಸ್ವಲ್ಪ ಇಳಿಜಾರಾಗಿ ಜೋಡಿಸಿದ ಮೆತ್ತನೆಯ ಹಾಸು ಇದ್ದರೆ ಸುಲಭ. ಕುಕ್ಕರಗಾಲಲ್ಲಿ ಕೂತು, ಅಂಗೈ ಎರಡೂ ನೆಲಕ್ಕೆ ಊರಿ, ಗದ್ದ ಎದೆಗೆ ಅಂಟಿಸಿ, ಸೊಂಟ ಮೇಲೆತ್ತಿ ಉರುಳಬೇಕು. ನೆಲಕ್ಕೆ ಮೊದಲು ತಾಗುವುದು ಹೆಗಲ ಹಿಂಭಾಗ, ನೆತ್ತಿ ಅಲ್ಲ. ಕಲಿಸುವವರು ಪಕ್ಕದಲ್ಲಿ ಮೊಣಕಾಲೂರಿ, ಒಂದು ಕೈ ತಲೆಯ ಹಿಂದೆ, ಇನ್ನೊಂದು ತೊಡೆಯ ಹಿಂದೆ ಇಡಬೇಕು. ಕುತ್ತಿಗೆ ಹಿಡಿದು ತಳ್ಳಲೇಬಾರದು. ಒಂದು ಹಾಸಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಉಳಿದವರಿಗೆ ಕಾಯುವ ಗೆರೆ. ಊಟ ಮಾಡಿದ ಕೂಡಲೇ ಬೇಡ. ಬರಿಗಾಲು ಒಳ್ಳೆಯದು. ಸರ, ಬಳೆ, ಕಾಲ್ಗೆಜ್ಜೆ ತೆಗೆದಿಡಬೇಕು, ಶಾಲು ಬಿಚ್ಚಿಡಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲಿನ ಕೀಲು ಸಡಿಲವಾಗಿರುವ ಸಾಧ್ಯತೆ ಇದೆ, ಅವರಿಗೆ ವೈದ್ಯರನ್ನು ಕೇಳದೆ ಲಾಗ ಹಾಕಿಸಬಾರದು. ಬೆನ್ನ ಮೇಲೆ ಕೂತು, ಕಾಲು ಎಳೆದು ಮೈ ಬಗ್ಗಿಸುವ ಹಳೆಯ ರೂಢಿ ಕೆಲವು ಕಡೆ ಇತ್ತು, ಅದನ್ನು ಪರಂಪರೆಯ ಹೆಸರಲ್ಲಿ ಉಳಿಸಿಕೊಳ್ಳುವ ಅಗತ್ಯ ಇಲ್ಲ.

7. ಮಾತು ಯಾವುದು?

ಈಗ ನನ್ನ ಮುಖ್ಯ ಮಾತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕ ಆದಾಗಲೆಲ್ಲ ಪ್ರತಿಭಟನೆ ನಡೆದಿದೆ. ಆ ಚರ್ಚೆ ಹೆಚ್ಚಾಗಿ ಗಣಿತ, ವಿಜ್ಞಾನ, ಪರೀಕ್ಷೆಯ ಸುತ್ತ ತಿರುಗುತ್ತದೆ. ದೈಹಿಕ ಶಿಕ್ಷಣಕ್ಕೆ ಭಾಷೆ ಯಾಕೆ, ಮಾಡಿ ತೋರಿಸಿದರೆ ಸಾಲದಾ ಅನ್ನುವವರಿದ್ದಾರೆ.

ಸಾಲದು. ಮಗು ತಲೆಕೆಳಗಾಗಿರುವಾಗ ಅದು ಮಾಸ್ತರರನ್ನು ನೋಡುತ್ತಿರುವುದಿಲ್ಲ. ಆ ಒಂದು ಕ್ಷಣದಲ್ಲಿ ಅದಕ್ಕೆ ತಲುಪುವುದು ದನಿ ಮಾತ್ರ. 'ಗದ್ದ ಒಳಗೆ!' ಅನ್ನುವುದು ಅನುವಾದ ಮಾಡಿಕೊಳ್ಳದೆ ಮೈಗೆ ಇಳಿಯಬೇಕು. ಮಲಯಾಳದಲ್ಲಿ 'ಚಾಡು' ಅಂದರೆ ಹಾರು. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ ಆಡುವ ಆರು ವರ್ಷದ ಮಗುವಿಗೆ ಅದು ಕೇಳಿದರೆ ಮೊದಲು ನೆನಪಾಗುವುದು ಚಾಡಿ ಹೇಳುವುದು. 'ಮರಿಯು' ಅಂದರೆ ಅಲ್ಲಿ ಮಗುಚುವುದು, ನಮ್ಮ ಮಗುವಿಗೆ ಮರಿ ಅಂದರೆ ನಾಯಿಮರಿ. ನಗು ಬರುವ ಉದಾಹರಣೆಗಳೇ, ಆದರೆ ಲಾಗದ ನಡುವೆ ಅರ್ಧ ಕ್ಷಣದ ಗೊಂದಲ ನಗುವ ವಿಷಯ ಅಲ್ಲ. ಇನ್ನೊಂದು ಕಡೆ ನೋಡಿ: ಮಗುವಿಗೆ 'ಕುತ್ತಿಗೆ ಚುಳ್ ಅಂತಿದೆ', 'ತಲೆ ಸುತ್ತುತ್ತಿದೆ', 'ನನಗೆ ಹೆದರಿಕೆ' ಅಂತ ಹೇಳಬೇಕಾಗಿ ಬಂದಾಗ, ಕೇಳುವವರಿಗೆ ಆ ಮಾತು ಗೊತ್ತಿರಬೇಕು. ಮೇಲೆ ಹೇಳಿದ 'ಸಾಕು' ಎಂಬ ಹಕ್ಕು ಭಾಷೆ ಇಲ್ಲದೆ ಚಲಾವಣೆ ಆಗುವುದಿಲ್ಲ.

ಇದು ಮಲಯಾಳದ ವಿರುದ್ಧದ ಮಾತಲ್ಲ. ತಾಳವಾಡಿಯಲ್ಲಿ ತಮಿಳು, ಮಡಕಶಿರಾದಲ್ಲಿ ತೆಲುಗು, ಅಕ್ಕಲಕೋಟೆಯಲ್ಲಿ ಮರಾಠಿ ಇಟ್ಟು ನೋಡಿದರೂ ವಾದ ಅದೇ. ಬೆಂಗಳೂರಿನ ಶಾಲೆಯಲ್ಲಿ ವಲಸೆ ಬಂದವರ ಮಗುವಿಗೆ ಕನ್ನಡದಲ್ಲಿ ಮಾತ್ರ ಕೂಗಿದರೂ ಅಪಾಯ ಅಷ್ಟೇ.

ಸಂವಾದದಿಂದ

*ಪ್ರಶ್ನೆ (ಒಬ್ಬ ಪ್ರಾಧ್ಯಾಪಕರು):* ಪೂರ್ವರಂಗವನ್ನು ಪಠ್ಯಕ್ರಮ ಅಂತ ಓದಿದ್ದು ಸ್ವಾರಸ್ಯ. ಆದರೆ ಅದರ ಉದ್ದೇಶ ಧಾರ್ಮಿಕವಾದದ್ದಲ್ವಾ? ನೀವು ಇಂದಿನ ಅರ್ಥವನ್ನು ಹೇರುತ್ತಿಲ್ಲವೇ?

*ಉತ್ತರ:* ಸರ್, ಉದ್ದೇಶ ಆರಾಧನೆಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾನು ಹೇಳಿದ್ದು ಬಳಕೆಯ ಬಗ್ಗೆ. ಯಾವ ವೇಷ ಯಾರಿಗೆ ಸಿಗುತ್ತಿತ್ತು ಅಂತ ನೋಡಿದರೆ ಕಲಿಕೆಯ ಕ್ರಮ ಕಾಣುತ್ತದೆ. ಒಂದೇ ರಚನೆ ಎರಡು ಕೆಲಸ ಮಾಡಬಹುದು. ನಮ್ಮ ಪಠ್ಯಗಳನ್ನು ಪದ್ಯವಾಗಿ ಮಾತ್ರ ಓದಿದರೆ ಎರಡನೆಯದು ಕಾಣುವುದಿಲ್ಲ.

*ಪ್ರಶ್ನೆ (ಸಹಪಾಠಿ):* ನೀವು ಹೇಳಿದ್ದರಲ್ಲಿ ಹುಡುಗಿಯರು ಎಲ್ಲಿ?

*ಉತ್ತರ:* ಒಳ್ಳೆ ಪ್ರಶ್ನೆ. ಮೇಳ, ತಾಲೀಮು ಎರಡೂ ಹಿಂದೆ ಗಂಡಸರದ್ದೇ, ಸ್ತ್ರೀವೇಷವೂ ಗಂಡಸರದ್ದು. ಕಳರಿಯಲ್ಲಿ ಹುಡುಗಿಯರಿದ್ದರು, ವಡಕ್ಕನ್ ಪಾಟ್ಟಿನ ಉಣ್ಣಿಯಾರ್ಚ ಎಲ್ಲರಿಗೂ ಗೊತ್ತು. ದೊಂಬರಲ್ಲಿ ಮತ್ತು ಸರ್ಕಸ್ಸಿನಲ್ಲಿ ಹೆಣ್ಣುಮಕ್ಕಳೇ ಮುಂದೆ. ಅಂದರೆ ಗೌರವದ ಜಾಗದಲ್ಲಿ ಅವರಿಗೆ ಬಾಗಿಲು ಮುಚ್ಚಿತ್ತು, ಹೊಟ್ಟೆಪಾಡಿನ ಜಾಗದಲ್ಲಿ ತೆರೆದಿತ್ತು. ಈಗ ಮಕ್ಕಳ ಮೇಳಗಳಲ್ಲಿ ಹುಡುಗಿಯರು ಪುಂಡುವೇಷ ಮಾಡಿ ಧಿಗಿಣ ಹಾಕ್ತಾರೆ. ಇದು ದೊಡ್ಡ ಬದಲಾವಣೆ, ಇದರ ಮೇಲೆಯೇ ಬೇರೆ ಪ್ರಬಂಧ ಬರೆಯಬಹುದು.

*ಪ್ರಶ್ನೆ (ಗಡಿಭಾಗದ ಒಬ್ಬ ಶಿಕ್ಷಕಿ):* ಹೆದರುವ ಮಗುವಿಗೆ ಸ್ವಲ್ಪ ಒತ್ತಾಯ ಮಾಡದೆ ಕಲಿಸುವುದು ಹೇಗಮ್ಮ?

*ಉತ್ತರ:* ಮೇಡಂ, ಕೋಡಂಗಿಯನ್ನೇ ನೆನಪಿಸಿಕೊಳ್ತೇನೆ. ತಪ್ಪಿದರೂ ಪರವಾಗಿಲ್ಲ ಅನ್ನುವ ಜಾಗ ಮೊದಲು ಕೊಟ್ಟರೆ ಹೆದರಿಕೆ ಕಡಿಮೆ ಆಗ್ತದೆ. ಲಾಗ ಬೇಡ ಅಂದರೆ ಆ ದಿನ ದಿಮ್ಮಿ ಉರುಳಲಿ, ಇಲ್ಲದಿದ್ದರೆ ಉಳಿದವರಿಗೆ ತಾಳ ಹಾಕಲಿ. ಬೇಡ ಅಂದ ಮಗುವನ್ನು ತಳ್ಳಿದರೆ ಅದು ಮೈ ಬಿಗಿ ಮಾಡ್ತದೆ, ಬಿಗಿಯಾದ ಮೈ ಗುಂಡಗೆ ಉರುಳುವುದಿಲ್ಲ, ಪೆಟ್ಟಾಗುವುದು ಆಗಲೇ. ನಾಳೆ ಅದೇ ಬಂದು 'ನಾನೂ ಹಾಕ್ತೇನೆ' ಅಂದಾಗ ಹಾಕಿಸಿದರೆ ಆಯಿತು.